ಮೇಣದ ತುಂಡು ಎಸೆಯಬೇಡಿ, ಬಚ್ಚಲ ಒಲೆಗೆ ಇಡಿ

ಮಳೆಗಾಲದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗದು. ಹಾಗಾಗಿ ನಮ್ಮ ಮನೆಯಲ್ಲಿ ಮೇಣದಬತ್ತಿ ಜಾಸ್ತಿಯೇ ಉರಿಯುತ್ತದೆ, ತುಂಡುಗಳೂ ಉಳಿಯುತ್ತವೆ. ಅವುಗಳಿಂದ ಮತ್ತೆ ಮೇಣದಬತ್ತಿ ಮಾಡಬಹುದು, ಹೇಗೆಂದು ಕೆಳಗೆ ಹೇಳಿದ್ದೇನೆ. ಆದರೆ ನನ್ನ ಪ್ರಕಾರ ಅವುಗಳ ನಿಜವಾದ ಉಪಯೋಗ ಬಚ್ಚಲ ಹಂಡೆಯ ಒಲೆ ಹಚ್ಚುವುದಕ್ಕೆ. ಆಷಾಢದಲ್ಲಿ ಥಂಡಿ ಹಿಡಿದ ಸೌದೆಗೆ ಬೆಂಕಿ ತಾಗಿಸಿದವರಿಗೆ ಇದರ ಬೆಲೆ ಗೊತ್ತು.

ಮೊದಲು ತುಂಡುಗಳನ್ನೆಲ್ಲ ಒಂದು ಡಬ್ಬದಲ್ಲಿ ಕೂಡಿಡಿ. ಗಾಜಿನ ಲೋಟ, ಹಣತೆಯ ತಳಕ್ಕೆ ಅಂಟಿದ ಮೇಣವನ್ನು ಚಾಕುವಿನಿಂದ ಕೆರೆಯಬೇಡಿ. ಫ್ರೀಜರಿನಲ್ಲಿ ಒಂದೆರಡು ಗಂಟೆ ಇಟ್ಟರೆ ಮೇಣ ಕುಗ್ಗಿ ತಾನಾಗಿ ಬಿಟ್ಟುಕೊಳ್ಳುತ್ತದೆ.

ಕರಗಿಸುವಾಗ ಮಾತ್ರ ಅವಸರ ಬೇಡ. ಪಾತ್ರೆಯನ್ನು ನೇರವಾಗಿ ಗ್ಯಾಸ್ ಮೇಲೆ ಇಡಲೇಬಾರದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮೇಣ 60 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ಆಮೇಲೂ ಕಾಯುತ್ತ ಹೋದರೆ ಅದರ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಅದಕ್ಕೇ ಅಗಲ ಪಾತ್ರೆಯಲ್ಲಿ ನೀರಿಟ್ಟು, ತಳಕ್ಕೆ ಒಂದು ಬಟ್ಟೆ ಮಡಚಿ ಹಾಕಿ, ಅದರ ಮೇಲೆ ಮೇಣದ ತಗಡಿನ ಡಬ್ಬ ಕೂರಿಸಿ. ನೀರು 100 ಡಿಗ್ರಿ ದಾಟುವುದಿಲ್ಲವಲ್ಲ, ಮೇಣವೂ ದಾಟುವುದಿಲ್ಲ. ಉರಿ ಸಣ್ಣಗಿರಲಿ. ನೀರು ಬತ್ತದಂತೆ ನೋಡಿಕೊಳ್ಳಿ, ಅಲ್ಲಿಂದ ಕದಲಬೇಡಿ. ಅಪ್ಪಿತಪ್ಪಿ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ. ನೀರು ಮಾತ್ರ ಸುರಿಯಬೇಡಿ. ನೀರು ಬಿಸಿ ಮೇಣದ ಅಡಿಗೆ ಇಳಿದು, ಒಮ್ಮೆಲೇ ಆವಿಯಾಗಿ, ಉರಿಯುವ ಮೇಣವನ್ನು ಸುತ್ತಲೂ ಸಿಡಿಸುತ್ತದೆ.

ಈಗ ಒಲೆ ಹಚ್ಚುವ ಮೇಣದ ಉಂಡೆ. ಮೊಟ್ಟೆಯ ರಟ್ಟಿನ ಟ್ರೇ ಬೇಕು. ನಮ್ಮ ಮನೆಗೆ ಮೊಟ್ಟೆ ಬರುವುದಿಲ್ಲ, ಅಂಗಡಿಯವರು ಸುಮ್ನೆ ಕೊಡುತ್ತಾರೆ. ಪ್ಲಾಸ್ಟಿಕ್ಕಿನದು ಬೇಡ. ಪ್ರತಿ ಗುಳಿಗೂ ಚೆನ್ನಾಗಿ ಒಣಗಿದ ಅಡಿಕೆ ಸಿಪ್ಪೆಯ ನಾರನ್ನು ಬಿಡಿಸಿ ತುಂಬಿ. ತೆಂಗಿನ ನಾರು, ಮರದ ಹೊಟ್ಟು ಕೂಡ ಆಗುತ್ತದೆ. ತೀರಾ ಒತ್ತಿ ತುರುಕಬೇಡಿ, ಗಾಳಿಯಾಡಬೇಕು. ಮೇಲಿಂದ ಮೇಣ ಹನಿಸುತ್ತ ಬನ್ನಿ. ನಾರು ನೆನೆದರೆ ಸಾಕು, ಗುಳಿ ತುಂಬುವುದು ಬೇಡ. ಆರಿದ ಮೇಲೆ ಒಂದೊಂದೇ ಗುಳಿ ಕತ್ತರಿಸಿಕೊಳ್ಳಿ. ಚಕ್ಕೆಗಳ ಅಡಿಗೆ ಒಂದನ್ನಿಟ್ಟು ರಟ್ಟಿನ ಅಂಚಿಗೆ ಕಡ್ಡಿ ಗೀರಿದರಾಯಿತು. ನಾರೇ ಬತ್ತಿಯ ಹಾಗೆ ಮೇಣ ಹೀರಿಕೊಂಡು ಉರಿಯುತ್ತದೆ, ಸೌದೆಯ ಥಂಡಿ ಆರುವವರೆಗೂ ಬೆಂಕಿ ನಿಲ್ಲುತ್ತದೆ. ಸೀಮೆಎಣ್ಣೆ ಬೇಡ, ಪ್ಲಾಸ್ಟಿಕ್ ಕೊಟ್ಟೆ ಸುಡುವ ಕೆಟ್ಟ ಅಭ್ಯಾಸವಂತೂ ಬೇಡವೇ ಬೇಡ. ಈ ಉಪಯೋಗಕ್ಕೆ ಮೇಣ ಸೋಸಬೇಕಾಗಿಲ್ಲ, ಬಣ್ಣ ಬೆರೆತರೂ ಚಿಂತೆಯಿಲ್ಲ.

ಮೇಣದಬತ್ತಿಯೇ ಬೇಕು ಅನ್ನುವವರು ಹಳೆಯ ಪಂಚೆಯ ತುಂಡಿನಲ್ಲಿ ಮೇಣ ಸೋಸಿಕೊಳ್ಳಿ. ಕಡ್ಡಿಯ ಚೂರು, ಸುಟ್ಟ ಬತ್ತಿ ಉಳಿದರೆ ಹೊಗೆ ಬರುತ್ತದೆ. ದೇವರ ದೀಪದ ಹತ್ತಿಬತ್ತಿ ಇದಕ್ಕೆ ಆಗುವುದಿಲ್ಲ, ಮೆತ್ತಗೆ ಬಗ್ಗಿಬಿಡುತ್ತದೆ. ಮೂರೆಳೆ ಹತ್ತಿ ದಾರವನ್ನು ಜಡೆ ಹೆಣೆದು, ಮೇಣದಲ್ಲಿ ಅದ್ದಿ, ನೆಟ್ಟಗೆ ಎಳೆದು ಒಣಗಿಸಿ. ಹಣತೆಯ ನಡುವೆ ನಿಲ್ಲಿಸಿ, ಬಟ್ಟೆ ಕ್ಲಿಪ್ ಅಡ್ಡ ಇಟ್ಟು ಹಿಡಿಸಿ ಮೇಣ ಹೊಯ್ಯಿರಿ. ಆರುವಾಗ ನಡುವೆ ಗುಂಡಿ ಬೀಳುತ್ತದೆ. ಅದಕ್ಕೆಂದೇ ಸ್ವಲ್ಪ ಮೇಣ ಉಳಿಸಿಕೊಂಡಿರಿ.

ಡಬ್ಬವನ್ನು ಬಿಸಿ ಇರುವಾಗಲೇ ಪೇಪರಿನಿಂದ ಒರೆಸಿ. ಸಿಂಕಿಗೆ ಮೇಣ ಹೊಯ್ದರೆ ಪೈಪು ಕಟ್ಟಿಕೊಳ್ಳುತ್ತದೆ. ಒರೆಸಿದ ಪೇಪರನ್ನೂ ಎಸೆಯಬೇಡಿ, ಅದೂ ಒಲೆಗೇ. ಒಂದೆರಡು ತುಂಡು ಮೇಣವನ್ನು ಮಾತ್ರ ಕರಗಿಸದೆ ಬೇರೆ ಎತ್ತಿಡಿ. ಮಳೆಗೆ ಉಬ್ಬಿ ಬಿಗಿಯಾದ ಮರದ ಕಿಟಕಿ, ಮೇಜಿನ ಡ್ರಾಯರ್, ಹಟ ಹಿಡಿಯುವ ಜಿಪ್, ಇವುಗಳ ಅಂಚಿಗೆ ಉಜ್ಜಲಿಕ್ಕೆ ಬೇಕಾಗುತ್ತದೆ.