ಬೈಕಿನ ಹಾಡು ಹೆಲ್ಮೆಟ್ಟಿನೊಳಗೆ: ಬ್ಲೂಟೂತ್ ಹೆಡ್‌ಸೆಟ್ ಜೋಡಿಸುವುದು ಹೇಗೆ?

"ಎರಡರಲ್ಲೂ ಬ್ಲೂಟೂತ್ ಉಂಟು ಮಾರಾಯ್ರೆ, ಆದರೂ ಕನೆಕ್ಟ್ ಆಗುವುದಿಲ್ಲ." ಮಂಗಳೂರು, ಉಡುಪಿಯ ಬೈಕ್ ಆಕ್ಸೆಸರೀಸ್ ಅಂಗಡಿಗಳಲ್ಲಿ ಆಗಾಗ ಕೇಳಿಬರುವ ದೂರು ಇದು. ಬೈಕಿಗೆ ಆಡಿಯೋ ಸಿಸ್ಟಮ್ ಹಾಕಿಸಿ ಆಗಿದೆ. ಹೆಲ್ಮೆಟ್ಟಿಗೆ ದುಬಾರಿ ಹೆಡ್‌ಸೆಟ್ ಬಂದಿದೆ. ಎರಡನ್ನೂ ಆನ್ ಮಾಡಿ ಎಷ್ಟು ಬಟನ್ ಒತ್ತಿದರೂ ಲೈಟ್ ಮಿಣುಕುತ್ತದೆ, ಹಾಡು ಮಾತ್ರ ಬರುವುದಿಲ್ಲ. ಹೆಚ್ಚಿನ ಸಲ ಯಾವ ಸಾಧನವೂ ಕೆಟ್ಟಿರುವುದಿಲ್ಲ. ಶಬ್ದ ಕಳಿಸುವವರು ಯಾರು ಅಂತ ಮೊದಲು ನೋಡಿಕೊಂಡಿರುವುದಿಲ್ಲ, ಅಷ್ಟೆ.

ಬ್ಲೂಟೂತ್‌ನಲ್ಲಿ ಹಾಡು ಹೋಗಬೇಕಾದರೆ ಒಂದು ಕಡೆ ಕಳಿಸುವ ಸಾಧನ ಬೇಕು, ಇನ್ನೊಂದು ಕಡೆ ಪಡೆಯುವ ಸಾಧನ ಬೇಕು. ಫೋನ್ ಕಳಿಸುತ್ತದೆ. ಹೆಲ್ಮೆಟ್ ಹೆಡ್‌ಸೆಟ್ ಪಡೆಯುತ್ತದೆ. ಹ್ಯಾಂಡಲ್‌ಗೆ ಕಟ್ಟುವ ಬ್ಲೂಟೂತ್ ಸ್ಪೀಕರ್, ಸೀಟಿನಡಿ ಕೂರಿಸುವ ಸಣ್ಣ ಆಂಪ್ಲಿಫೈಯರ್, ಇವೂ ಬಹುಪಾಲು ಫೋನಿನಿಂದ ಪಡೆಯುವಂಥವೇ. ಎರಡು ಕಿವಿ ಎದುರುಬದುರು ಕೂತ ಹಾಗೆ, ಮಾತಾಡಲು ಬಾಯಿಯೇ ಇಲ್ಲ. ಇದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ನಿಮ್ಮ ಬೈಕ್ ಯಾವ ಬಗೆಯದು?

ನಮ್ಮಲ್ಲಿ ಈಗ ಬರುವ ಹೆಚ್ಚಿನ ಸ್ಕೂಟರ್, ಬೈಕುಗಳ ಡಿಸ್‌ಪ್ಲೇ ಫೋನಿನ ಆ್ಯಪ್ ಜೊತೆ ಮಾತ್ರ ಮಾತಾಡುತ್ತದೆ. ಯಾರ ಕಾಲ್ ಬರುತ್ತಿದೆ, ಎಲ್ಲಿ ತಿರುಗಬೇಕು ಅಂತ ತೋರಿಸುತ್ತದೆ. ಹಾಡು ಅದರ ಮೂಲಕ ಹಾಯುವುದಿಲ್ಲ. ನಿಮ್ಮದು ಇಂಥದ್ದಾದರೆ ಹೆಡ್‌ಸೆಟ್ಟನ್ನು ನೇರ ಫೋನಿಗೆ ಪೇರ್ ಮಾಡಿ, ಬೈಕನ್ನು ಆ್ಯಪ್ ಮೂಲಕ ಬೇರೆಯಾಗಿ ಸೇರಿಸಿ. ಕೆಲವು ಡಿಸ್‌ಪ್ಲೇಗಳು ತಾವೇ ಹೆಡ್‌ಸೆಟ್ ಅಂತ ಫೋನಿಗೆ ಹೇಳಿಕೊಂಡು ಕಾಲ್‌ಗಳನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಹಾಗಾದರೆ ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಬೈಕಿನ ಹೆಸರಿನ ಪಕ್ಕದ ಗಿಯರ್ ಚಿಹ್ನೆ ಒತ್ತಿ. ಅಲ್ಲಿ ಫೋನ್ ಕಾಲ್ಸ್, ಮೀಡಿಯಾ ಆಡಿಯೋ ಅಂತ ಬೇರೆ ಬೇರೆ ಸ್ವಿಚ್ ಇರುತ್ತವೆ. ಮೊದಲು ಬೈಕಿನ ಫೋನ್ ಕಾಲ್ಸ್ ಆಫ್ ಮಾಡಿ ನೋಡಿ. ಹಾಡೂ ಹೆಲ್ಮೆಟ್ಟಿಗೆ ಬರದಿದ್ದರೆ ಮೀಡಿಯಾ ಆಡಿಯೋವನ್ನೂ ಆಫ್ ಮಾಡಿ. ಹೆಡ್‌ಸೆಟ್ಟಿಗೆ ಎರಡೂ ಆನ್ ಇರಲಿ.

ಎರಡನೆಯ ಬಗೆಯಲ್ಲಿ ಬೈಕೇ ಕೇಂದ್ರ. ಹೋಂಡಾ ಗೋಲ್ಡ್ ವಿಂಗ್, ಬಿಎಂಡಬ್ಲ್ಯುವಿನ ಟಿಎಫ್‌ಟಿ (ಬಣ್ಣದ ಸ್ಕ್ರೀನ್) ಡಿಸ್‌ಪ್ಲೇ ಇರುವ ಬೈಕುಗಳು ಹೀಗೆ. ಇಲ್ಲಿ ಫೋನೂ ಬೈಕಿಗೇ ಸೇರಬೇಕು, ಹೆಡ್‌ಸೆಟ್ಟೂ ಬೈಕಿಗೇ ಸೇರಬೇಕು. ಎಷ್ಟೋ ಜನ ಹೆಡ್‌ಸೆಟ್ಟನ್ನು ಮನೆಯಲ್ಲೇ ಫೋನಿಗೆ ಪೇರ್ ಮಾಡಿಟ್ಟಿರುತ್ತಾರೆ. ಬೈಕಿನ ಹತ್ತಿರ ಬಂದಾಗ ಅದು ಹಳೆಯ ನೆನಪಿನಿಂದ ಫೋನಿಗೇ ಓಡಿ ಅಂಟಿಕೊಳ್ಳುತ್ತದೆ, ಬೈಕ್ ಬರಿಗೈಯಲ್ಲಿ ಉಳಿಯುತ್ತದೆ. ಆದ್ದರಿಂದ ಫೋನಿನ ಪಟ್ಟಿಯಿಂದ ಹೆಡ್‌ಸೆಟ್ಟಿನ ಹೆಸರು ಅಳಿಸಿ. ಹೆಡ್‌ಸೆಟ್ಟನ್ನೂ ಫ್ಯಾಕ್ಟರಿ ರೀಸೆಟ್ ಮಾಡಿ. ಆಮೇಲೆ ಮೊದಲು ಹೆಡ್‌ಸೆಟ್, ನಂತರ ಫೋನ್, ಹೀಗೆ ಒಂದೊಂದಾಗಿ ಬೈಕಿಗೆ ಸೇರಿಸಿ. ಗೋಲ್ಡ್ ವಿಂಗ್‌ನಲ್ಲಂತೂ ಹೆಡ್‌ಸೆಟ್ ಸೇರಿಸದೆ ಆ್ಯಪಲ್ ಕಾರ್‌ಪ್ಲೇ (ಐಫೋನಿನ ಮ್ಯಾಪ್, ಹಾಡುಗಳನ್ನು ಬೈಕಿನ ಸ್ಕ್ರೀನಿನಲ್ಲಿ ತೋರಿಸುವ ವ್ಯವಸ್ಥೆ) ತೆರೆಯುವುದೇ ಇಲ್ಲ.

ಮೂರನೆಯದು ಹೊರಗಿನಿಂದ ಹಾಕಿಸಿದ ಆಡಿಯೋ ಸಿಸ್ಟಮ್. ತಲೆನೋವು ಜಾಸ್ತಿ ಇರುವುದು ಇಲ್ಲೇ.

ಹೊರಗಿನ ಸಿಸ್ಟಮ್‌ಗೆ ಬಾಯಿ ಕೊಡುವುದು

ಇದಕ್ಕೆ ಬೇಕಾದದ್ದು ಬ್ಲೂಟೂತ್ ಟ್ರಾನ್ಸ್‌ಮಿಟರ್, ಅಂದರೆ ವಯರಿನಲ್ಲಿ ಬಂದ ಹಾಡನ್ನು ಬ್ಲೂಟೂತ್‌ನಲ್ಲಿ ಕಳಿಸುವ ಸಾಧನ. ಬೆಂಕಿಪೆಟ್ಟಿಗೆಗಿಂತ ದೊಡ್ಡದೇನಲ್ಲ. ಒಂದು ಕಡೆ 3.5 ಮಿ.ಮೀ. ಪಿನ್ನಿನ ತೂತು, ಇನ್ನೊಂದು ಕಡೆ ಯುಎಸ್‌ಬಿ ಚಾರ್ಜಿಂಗ್ ಪೋರ್ಟ್ ಇರುತ್ತದೆ. ಕೊಳ್ಳುವಾಗ ಡಬ್ಬದ ಮೇಲೆ ಟ್ರಾನ್ಸ್‌ಮಿಟರ್ ಅಂತ ಬರೆದಿದೆಯಾ ನೋಡಿ. ಕಾರಿನ ಸ್ಟೀರಿಯೋಗೆ ಸಿಕ್ಕಿಸುವ ರಿಸೀವರ್ ಕೂಡ ನೋಡಲು ಹೀಗೇ ಇರುತ್ತದೆ, ಅದು ಇಲ್ಲಿ ಕೆಲಸಕ್ಕೆ ಬಾರದು. ಕೆಲವಲ್ಲಿ ಎರಡೂ ಕೆಲಸಕ್ಕೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಆ ಸ್ವಿಚ್ ಟಿಎಕ್ಸ್ (ಟ್ರಾನ್ಸ್‌ಮಿಟರ್) ಕಡೆ ಇರಬೇಕು.

ಈಗ ಆಡಿಯೋ ಸಿಸ್ಟಮ್‌ನಲ್ಲಿ ಹೆಡ್‌ಫೋನ್ ಔಟ್ ಅಥವಾ ಲೈನ್ ಔಟ್ ಹುಡುಕಿ. ಆಕ್ಸ್ ಇನ್ ಅಂತ ಬರೆದ ತೂತು ಒಳಗೆ ತೆಗೆದುಕೊಳ್ಳುವಂಥದ್ದು, ಅದರಿಂದ ಏನೂ ಹೊರಬರುವುದಿಲ್ಲ. ಔಟ್ ಇಲ್ಲವೇ ಇಲ್ಲ ಅಂತಾದರೆ ಸ್ಪೀಕರಿನ ವಯರನ್ನು ಸೀಳಿ ಟ್ರಾನ್ಸ್‌ಮಿಟರಿಗೆ ಕೊಡಬೇಡಿ. ಸ್ಪೀಕರಿಗೆ ಹೋಗುವ ಸಿಗ್ನಲ್ ಬಹಳ ಜೋರಿನದು, ಟ್ರಾನ್ಸ್‌ಮಿಟರ್ ಸುಟ್ಟೀತು. ಮಧ್ಯೆ ಆ ಸಿಗ್ನಲ್ಲಿನ ಜೋರು ಇಳಿಸುವ ಲೈನ್ ಔಟ್ ಕನ್ವರ್ಟರ್ ಬೇಕೇ ಬೇಕು. ಕಾರ್ ಆಡಿಯೋ ಅಂಗಡಿಗಳಲ್ಲಿ ಕೇಳಿದರೆ ಕೊಡುತ್ತಾರೆ.

ವಿದ್ಯುತ್ ಕೊಡಲು ಬೈಕಿನ 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವ ಯುಎಸ್‌ಬಿ ಚಾರ್ಜರ್ ಸಾಕು. ಅದರ ವಯರನ್ನು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಲೈನಿನಿಂದ, ಫ್ಯೂಸ್ ಹಾಕಿಯೇ ತೆಗೆಸಿ. ನೇರ ಬ್ಯಾಟರಿಗೆ ಕೊಟ್ಟರೆ ನಿಂತ ಬೈಕಿನಲ್ಲೂ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ. ವಾರಂಟಿ ಇರುವ ಬೈಕ್, ಇಲೆಕ್ಟ್ರಿಕ್ ಸ್ಕೂಟರ್ ಆದರೆ ವಯರ್ ಮುಟ್ಟಬೇಡಿ, ಅದರಲ್ಲೇ ಇರುವ ಚಾರ್ಜಿಂಗ್ ಪೋರ್ಟ್ ಬಳಸಿ.

ಇನ್ನು ಪೇರಿಂಗ್. ಮೊದಲು ಮನೆಯಲ್ಲಿರುವ ಎಲ್ಲಾ ಫೋನುಗಳ ಬ್ಲೂಟೂತ್ ಆಫ್ ಮಾಡಿ. ಟ್ರಾನ್ಸ್‌ಮಿಟರಿಗೆ ಸ್ಕ್ರೀನ್ ಇರುವುದಿಲ್ಲ, ಪಟ್ಟಿ ನೋಡಿ ಆರಿಸಲು ಆಗುವುದಿಲ್ಲ. ಹತ್ತಿರದಲ್ಲಿ ಯಾರು ಕಾಯುತ್ತಿದ್ದಾರೋ ಅವರನ್ನು ಹಿಡಿದುಕೊಳ್ಳುತ್ತದೆ. ಹೆಡ್‌ಸೆಟ್ಟನ್ನು ಅದರ ಮ್ಯಾನುವಲ್‌ನಲ್ಲಿ ಹೇಳಿದಂತೆ ಪೇರಿಂಗ್ ಮೋಡ್‌ಗೆ ತನ್ನಿ. ಹೆಚ್ಚಿನವುಗಳಲ್ಲಿ ಬಟನ್ ಕೆಲವು ಸೆಕೆಂಡ್ ಅದುಮಿ ಹಿಡಿದರೆ ಕೆಂಪು, ನೀಲಿ ದೀಪ ಒಂದಾದ ಮೇಲೊಂದು ಮಿಣುಕುತ್ತದೆ. ಟ್ರಾನ್ಸ್‌ಮಿಟರನ್ನೂ ಪೇರಿಂಗ್‌ಗೆ ಹಾಕಿ ಎರಡನ್ನೂ ಒಂದು ಗೇಣಿನ ಅಂತರದಲ್ಲಿಡಿ. ದೀಪಗಳು ಮಿಣುಕುವುದನ್ನು ನಿಲ್ಲಿಸಿ ಶಾಂತವಾಗುವವರೆಗೆ ಏನನ್ನೂ ಒತ್ತಬೇಡಿ. ನಡುವೆ ಅವಸರದಿಂದ ಇನ್ನೊಮ್ಮೆ ಒತ್ತಿದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಒಂದು ಮಾತು ಮೊದಲೇ ತಿಳಿದಿರಲಿ. ಇಂಥ ಟ್ರಾನ್ಸ್‌ಮಿಟರ್ ಸಾಗಿಸುವುದು ಹಾಡು ಮಾತ್ರ. ನಿಮ್ಮ ಮೈಕಿನ ದನಿಯನ್ನು ಹಿಂದಕ್ಕೆ ಒಯ್ಯುವುದಿಲ್ಲ. ಕಾಲ್ ಬೇಕಾದರೆ ಹೆಡ್‌ಸೆಟ್ಟಿಗೆ ಫೋನನ್ನು ಎರಡನೆಯ ಸಾಧನವಾಗಿ ಸೇರಿಸಬೇಕು. ಆ ಅನುಕೂಲ ಇದೆಯಾ ಅಂತ ಹೆಡ್‌ಸೆಟ್ ಕೊಳ್ಳುವಾಗಲೇ ವಿಚಾರಿಸಿ. ಕಾಲ್ ಬಂದರೆ ಸಾಮಾನ್ಯವಾಗಿ ಹಾಡು ತಾನಾಗಿ ಸರಿದು ದಾರಿ ಬಿಡುತ್ತದೆ. ಆದರೆ ಎಷ್ಟೋ ಹೆಡ್‌ಸೆಟ್‌ಗಳಲ್ಲಿ ಟ್ರಾನ್ಸ್‌ಮಿಟರಿನ ಹಾಡು ನಡೆಯುತ್ತಿರುವಾಗ ಫೋನಿನ ಮ್ಯಾಪ್ ಹೇಳುವ ದಾರಿ ಕೇಳಿಸುವುದೇ ಇಲ್ಲ. ನನ್ನನ್ನು ಕೇಳಿದರೆ, ಹೊಸ ಊರಿಗೆ ಹೋಗುವಾಗ ಬೈಕಿನ ಸಿಸ್ಟಮ್ ಬಿಟ್ಟು ಫೋನಿನಿಂದಲೇ ಹಾಡು, ದಾರಿ ಎರಡನ್ನೂ ತೆಗೆದುಕೊಳ್ಳುವುದು ಒಳ್ಳೆಯದು. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೂ ದಾರಿ ಹೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಮೂಲಕ ಧ್ವನಿ ಕೇಳಿಸುವ ಆಯ್ಕೆ ಆನ್ ಇರಬೇಕು.

ಎಂಜಿನ್ ಜೊತೆ ಏರುವ ಕೀರಲು ಸದ್ದು

ಎಲ್ಲಾ ಸರಿಯಾಯಿತು ಅನ್ನುವಾಗ ಕಿವಿಯಲ್ಲಿ ಒಂದು ಕೀರಲು ಸದ್ದು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಏರುತ್ತದೆ. ಇದು ಬ್ಲೂಟೂತ್ ದೋಷ ಅಲ್ಲ. ಆಡಿಯೋ ಸಿಸ್ಟಮ್ ಮತ್ತು ಟ್ರಾನ್ಸ್‌ಮಿಟರ್ ಎರಡೂ ಒಂದೇ ಬ್ಯಾಟರಿಯಿಂದ ಕರೆಂಟ್ ತೆಗೆದುಕೊಂಡು, ಆಡಿಯೋ ವಯರಿನಿಂದಲೂ ಸೇರಿಕೊಂಡಾಗ ಅರ್ತಿಂಗ್ ಸುತ್ತು ಹಾಕಿ ಆಲ್ಟರ್ನೇಟರಿನ ಸದ್ದು ಒಳಗೆ ನುಗ್ಗುತ್ತದೆ. ಪರೀಕ್ಷೆ ಸುಲಭ. ಟ್ರಾನ್ಸ್‌ಮಿಟರಿನ ಯುಎಸ್‌ಬಿ ವಯರ್ ಬೈಕಿನಿಂದ ಕಿತ್ತು ಪವರ್ ಬ್ಯಾಂಕಿಗೆ ಹಾಕಿ. ಸದ್ದು ನಿಂತರೆ ಕಾರಣ ಇದೇ. ಆಡಿಯೋ ವಯರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಸಣ್ಣ ಡಬ್ಬಿ ಹಾಕಿದರೆ ಸರಿಯಾಗುತ್ತದೆ.

ಹಾಡು ತುಂಡು ತುಂಡಾಗಿ ಬಂದರೆ ಸಾಧನ ಇಟ್ಟ ಜಾಗ ನೋಡಿ. ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಕಬ್ಬಿಣದ ಟ್ಯಾಂಕ್ ಅದನ್ನು ತಡೆಯುತ್ತದೆ, ನೀರೇ ಹೆಚ್ಚಿರುವ ನಮ್ಮ ಮೈಯೂ ಹೀರಿಕೊಳ್ಳುತ್ತದೆ. ಟ್ರಾನ್ಸ್‌ಮಿಟರ್ ಸೀಟಿನಡಿ ಇದ್ದರೆ ಮುಂದೆ, ಪ್ಲಾಸ್ಟಿಕ್ ಮುಚ್ಚಿದ ಜಾಗಕ್ಕೆ ತನ್ನಿ. ಹೆಡ್‌ಸೆಟ್ ಹೆಲ್ಮೆಟ್ಟಿನ ಎಡಗಡೆ ಇದ್ದು ಫೋನ್ ಬಲಗಡೆ ಪ್ಯಾಂಟಿನ ಹಿಂದಿನ ಜೇಬಲ್ಲಿದ್ದರೆ ಫೋನನ್ನು ಜಾಕೆಟ್ಟಿನ ಎಡ ಜೇಬಿಗೆ ಬದಲಾಯಿಸಿ.

ಸ್ಪೀಕರ್ ಕೂರಿಸುವಾಗ

ಕಿವಿಯ ತೂತಿನ ನೇರಕ್ಕೆ ಸ್ಪೀಕರ್ ಬಂದರೆ ಕಡಿಮೆ ವಾಲ್ಯೂಮ್‌ನಲ್ಲೇ ಚೆನ್ನಾಗಿ ಕೇಳಿಸುತ್ತದೆ. ಬೆರಳಗಲ ಆಚೆ ಈಚೆ ಆದರೂ ದನಿ ತೆಳುವಾಗುತ್ತದೆ. ಹೆಲ್ಮೆಟ್ ಹಾಕಿಕೊಂಡು ಕಿವಿಯ ಜಾಗ ಗುರುತು ಮಾಡಿ, ಕೆನ್ನೆಯ ಪ್ಯಾಡ್ ತೆಗೆದು, ಒಳಗೆ ಮೊದಲೇ ಇರುವ ಗುಂಡಿಯಲ್ಲಿ ವೆಲ್ಕ್ರೋ ಅಂಟಿಸಿ. ಸ್ಪೀಕರ್ ಹಿಡಿಸಲಿ ಅಂತ ಥರ್ಮಾಕೋಲ್ ಪದರವನ್ನು ಕೊರೆಯಲೇಬಾರದು. ಬಿದ್ದಾಗ ಪೆಟ್ಟು ತಿಂದು ತಲೆ ಉಳಿಸುವುದು ಆ ಪದರವೇ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ, ಕೊರೆದ ಮೇಲೆ ಆ ಗುರುತಿಗೂ ಬೆಲೆ ಇಲ್ಲ.

ವಾಲ್ಯೂಮ್ ಎಷ್ಟಿರಬೇಕು ಅನ್ನುವುದನ್ನು ರಸ್ತೆಯಲ್ಲೇ ತಿಳಿಯಬೇಕು. ಮೊದಲು ಬೆಳಗ್ಗೆ ಬೇಗ, ಟ್ರಾಫಿಕ್ ಇಲ್ಲದಾಗ, ಕೂಳೂರು ಸೇತುವೆ ದಾಟಿ ಸುರತ್ಕಲ್ ಕಡೆ ಒಂದು ಸುತ್ತು ಹೋಗಿಬನ್ನಿ. ಪಣಂಬೂರು, ಬೈಕಂಪಾಡಿಯಲ್ಲಿ ಲಾರಿಗಳ ನಡುವೆ ಹಾಡು ಕೇಳುವುದಿಲ್ಲ ಅಂತ ವಾಲ್ಯೂಮ್ ಏರಿಸಬೇಡಿ, ಅಲ್ಲಿ ಹಾರ್ನ್ ಕೇಳಿಸುವುದು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಮರವಂತೆಯಲ್ಲಿ ಕಡಲಿನ ಗಾಳಿ ಹೆಲ್ಮೆಟ್ಟಿಗೆ ಬಡಿಯುವಾಗ ಹಾಡು ನಿಲ್ಲಿಸಿಬಿಡುವುದೇ ವಾಸಿ.

ಮಳೆ, ಉಪ್ಪು ಗಾಳಿ

ನಮ್ಮ ಕರಾವಳಿಯಲ್ಲಿ ಹೆಡ್‌ಸೆಟ್ ಹಾಳಾಗುವುದು ಹೆಚ್ಚಾಗಿ ಚಾರ್ಜಿಂಗ್ ತೂತಿನಿಂದ. ರಬ್ಬರ್ ಮುಚ್ಚಳ ಸ್ವಲ್ಪ ತೆರೆದಿದ್ದರೂ ಒಳಗಿನ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಐಪಿ67 ಅಂತ ಬರೆದಿದ್ದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ ಅರ್ಥ, ಆದರೆ ಅದು ಮುಚ್ಚಳ ಸರಿಯಾಗಿ ಕೂತಾಗಿನ ಲೆಕ್ಕ. ಆಗುಂಬೆಯಂಥ ಮಳೆಯಲ್ಲಿ ನೆನೆದು ಬಂದ ದಿನ ಹೆಡ್‌ಸೆಟ್ ಕಳಚಿ, ಒಣ ಬಟ್ಟೆಯಲ್ಲಿ ಒರೆಸಿ, ತೂತು ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಹಾಕಿ. ಸ್ಪೀಕರಿನ ಸ್ಪಂಜು ಒದ್ದೆಯಾಗಿದ್ದರೆ ತೆಗೆದು ನೆರಳಲ್ಲಿ ಒಣಗಿಸಿ. ಟ್ರಾನ್ಸ್‌ಮಿಟರಿಗೆ ಸಾಮಾನ್ಯವಾಗಿ ಇಷ್ಟೂ ರಕ್ಷಣೆ ಇರುವುದಿಲ್ಲ. ಮೇ ಕೊನೆಯಲ್ಲೇ ಅದನ್ನು ಬೈಕಿನಿಂದ ಬಿಚ್ಚಿ, ವಯರಿನ ತುದಿಗೆ ಟೇಪ್ ಸುತ್ತಿ, ಮಳೆಗಾಲ ಮುಗಿಯುವ ತನಕ ಮನೆಯೊಳಗೆ ಇಡಿ. ಅಷ್ಟು ದಿನ ಹೆಡ್‌ಸೆಟ್ ನೇರ ಫೋನಿಗೇ ಸೇರಿರಲಿ.