ಚಿಪ್ಪು ಕಟ್ಟುವ ಪ್ಲವಕಗಳ ಇಂಗಾಲದ ಲೆಕ್ಕವನ್ನು ಪ್ರಯೋಗದಿಂದ ತೋರಿಸುವ ಬಗೆ

ಕಡಲ ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ಸುಣ್ಣದ (ಕ್ಯಾಲ್ಸಿಯಂ ಕಾರ್ಬೊನೇಟಿನ) ಚಿಪ್ಪು ಕಟ್ಟುವುದರಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ ಎಂಬ ಫಲಕವನ್ನು ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಕಾಣಬಹುದು. ಅದು ಅರ್ಧ ಸತ್ಯ. ಉಳಿದರ್ಧವನ್ನು ಮಂಗಳೂರಿನಲ್ಲೇ ಸುಲಭವಾಗಿ ಸಿಗುವ ಸಾಮಗ್ರಿಗಳಿಂದ ತೋರಿಸಬಹುದು.

ಮಳೆಗಾಲ ಕಳೆದು ಕಡಲು ಶಾಂತವಾದ ಬಳಿಕ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಭರತದ ಗೆರೆಯಿಂದ ಒಂದು ಹಿಡಿ ಮರಳು ತಂದು, ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಕಪ್ಪು ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿರಿ. ಚಿಪ್ಪಿನ ಚೂರುಗಳ ನಡುವೆ, ಕೋಣೆಗಳನ್ನು ಸುರುಳಿಯಾಗಿ ಜೋಡಿಸಿದಂಥ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪು ಸಿಗಬಹುದು. ದಡದಲ್ಲಿ ಸಿಗುವವು ಬಹುಪಾಲು ಕಡಲತಳದಲ್ಲಿ ಬದುಕುವ ಜಾತಿಗಳು. ತೇಲುವ ಜಾತಿಗಳ ನೆಲೆ ತೆರೆದ ಸಾಗರ. ಸಿಗದಿದ್ದರೆ ಮರುವಾಯಿ ಚಿಪ್ಪಿನ ಪುಡಿಯೂ ಸಾಕು. ಅದರ ಮೇಲೆ ವಿನೆಗರ್ ಹನಿಸಿದಾಗ ಏಳುವ ಗುಳ್ಳೆಗಳೇ ಚಿಪ್ಪಿನ ಕಾರ್ಬೊನೇಟಿನಿಂದ ಹೊರಬರುವ ಇಂಗಾಲದ ಡೈಆಕ್ಸೈಡ್. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳ ಕವಚ ಸಿಲಿಕಾದ್ದಾದುದರಿಂದ ಅದು ಹೀಗೆ ನೊರೆಯುವುದಿಲ್ಲ.

ಮುಖ್ಯ ಪ್ರಯೋಗ ಇನ್ನು ಮುಂದಿನದು. ಕಡಲ ನೀರಿನಲ್ಲಿ ಕರಗಿರುವ ಅಜೈವಿಕ ಇಂಗಾಲದ ಸುಮಾರು ಶೇ. 90ರಷ್ಟು ಬೈಕಾರ್ಬೊನೇಟ್ ರೂಪದಲ್ಲಿದೆ. ಅದಕ್ಕೆ ಪ್ರತಿನಿಧಿಯಾಗಿ 100 ಮಿ.ಲೀ. ನೀರಿನಲ್ಲಿ ಒಂದೂವರೆ ಟೀ ಚಮಚ ಅಡುಗೆ ಸೋಡಾವನ್ನೂ, ಇನ್ನೊಂದು ಪಾತ್ರೆಯ ಅಷ್ಟೇ ನೀರಿನಲ್ಲಿ ಅಷ್ಟೇ ಕ್ಯಾಲ್ಸಿಯಂ ಕ್ಲೋರೈಡನ್ನೂ ಕರಗಿಸಿರಿ. ಎರಡನೆಯದು ಕರಗುವಾಗ ಬಿಸಿಯೇರುವುದರಿಂದ ಆರಲು ಬಿಡಬೇಕು. ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ, ಪಾತ್ರೆಗೆ ಮುಚ್ಚಳ ಬೇಡ. ತಿಳಿಯಾದ ಎರಡು ದ್ರಾವಣಗಳನ್ನು ಬೆರೆಸಿದೊಡನೆ ನೀರು ಹಾಲಿನಂತಾಗುತ್ತದೆ, ಜೊತೆಗೆ ಗುಳ್ಳೆಗಳೂ ಏಳುತ್ತವೆ. ಎರಡು ಬೈಕಾರ್ಬೊನೇಟ್‌ಗಳಲ್ಲಿ ಒಂದರ ಇಂಗಾಲ ಸುಣ್ಣದೊಳಗೆ ಸೇರಿದರೆ ಇನ್ನೊಂದರದು ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಕಾಕೊಲಿಥೊಫೋರ್‌ನಂಥ ಸೂಕ್ಷ್ಮ ಪಾಚಿಗಳು ಚಿಪ್ಪು ಕಟ್ಟುವಾಗ ನಡೆಯುವುದೂ ಇದೇ. ಹಾಗಾಗಿ ಚಿಪ್ಪು ಕಟ್ಟುವ ಕ್ರಿಯೆಯೊಂದನ್ನೇ ನೋಡಿದರೆ, ಮೇಲ್ಮೈ ನೀರು ಅನಿಲವನ್ನು ಗಾಳಿಗೆ ಬಿಡುವ ಕಡೆಗೇ ವಾಲುತ್ತದೆ.

ಚಿಪ್ಪಿನ ಉಪಕಾರ ಇರುವುದು ಅದರ ಭಾರದಲ್ಲಿ. ದ್ಯುತಿಸಂಶ್ಲೇಷಣೆಯಿಂದಾದ ಜೈವಿಕ ಇಂಗಾಲ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರವಾದ್ದರಿಂದ ನಿಧಾನವಾಗಿ ಇಳಿಯುತ್ತದೆ. ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಸಾಂದ್ರವಾದ ಕ್ಯಾಲ್ಸೈಟ್ (ಚಿಪ್ಪಿನ ಖನಿಜ) ಅದಕ್ಕೆ ಅಂಟಿಕೊಂಡಾಗ ಆ ಇಂಗಾಲ ಬೇಗನೆ ಆಳ ಸೇರಿ ಗಾಳಿಯಿಂದ ದೂರವಾಗುತ್ತದೆ. ಸುಮಾರು 4ರಿಂದ 5 ಕಿ.ಮೀ. ಆಳದಿಂದ ಕೆಳಗೆ, ತಣ್ಣನೆಯ ಅಧಿಕ ಒತ್ತಡದ ನೀರಿನಲ್ಲಿ, ಚಿಪ್ಪು ಉಳಿಯದೆ ಕರಗುತ್ತದೆ.

ಕರಗುವಿಕೆಯನ್ನು ತೋರಿಸಲು ಸುಣ್ಣದ ತಿಳಿನೀರಿಗೆ ಸಾದಾ ಗೋಲಿಸೋಡಾವನ್ನು ಸ್ವಲ್ಪಸ್ವಲ್ಪವೇ ಸುರಿಯಿರಿ. ಮೊದಲು ಬಿಳಿಯಾಗುವ ನೀರು, ಸೋಡಾ ನಾಲ್ಕೈದು ಪಟ್ಟಾದಾಗ ಮತ್ತೆ ತಿಳಿಯಾಗುತ್ತದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಆ ಬಿಳಿ ಕ್ಯಾಲ್ಸಿಯಂ ಕಾರ್ಬೊನೇಟ್ ಬೈಕಾರ್ಬೊನೇಟ್ ಆಗಿ ಕರಗುತ್ತದೆ. ಆದರೆ ಕಡಲು ಗೋಲಿಸೋಡಾದಷ್ಟು ಆಮ್ಲೀಯವೆಂದು ನೋಡುಗರು ಭಾವಿಸಬಾರದು: ಕೈಗಾರಿಕಾ ಯುಗಕ್ಕೆ ಮುಂಚೆ ಸುಮಾರು 8.2 ಇದ್ದ ಮೇಲ್ಮೈ ನೀರಿನ ಪಿಎಚ್ ಈಗ ಸುಮಾರು 8.1ಕ್ಕೆ ಇಳಿದಿದೆ, 7ಕ್ಕಿಂತ ಮೇಲಿರುವುದರಿಂದ ಅದು ಇಂದಿಗೂ ಕ್ಷಾರೀಯವೇ. ಈ ಮಾತನ್ನು ಫಲಕದಲ್ಲೇ ಬರೆದಿಡುವುದು ಒಳ್ಳೆಯದು.