ಗುಡ್ಡ ಹತ್ತುವವರಿಗೆ ಕೈಗಡಿಯಾರ ಬೇಕೇ?

ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನ ಮೋರೇರ ಗುಡ್ಡಕ್ಕೆ ಹೊರಡುವವರು ನೀರು, ಟೋಪಿ, ಬೂಟು, ಟಾರ್ಚು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡ ಮೇಲೆ ಒಂದು ಪ್ರಶ್ನೆ ಕೇಳುವುದುಂಟು: ಕಿಸೆಯಲ್ಲಿ ಮೊಬೈಲ್ ಇರುವಾಗ ಕೈಗಡಿಯಾರ ಏತಕ್ಕೆ? ಬೇಕು ಎಂದೇ ನನ್ನ ಉತ್ತರ. ಆದರೆ ಅದರ ಕೆಲಸ ಮುಖ್ಯವಾಗಿ ಒಂದೇ: ಯಾವಾಗ ಹಿಂದಿರುಗಬೇಕು ಎಂಬುದನ್ನು ನಮ್ಮ ಆಸೆಗೆ ಬಿಡದೆ ತಾನೇ ಹೇಳುವುದು.

ಲೆಕ್ಕ ಹೀಗೆ ಹಾಕಬೇಕು. ನವೆಂಬರ್ ಕೊನೆಯಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಹೊತ್ತು ಮುಳುಗುವುದು ಸಂಜೆ ಸುಮಾರು 5:50ಕ್ಕೆ. ಜೂನ್ ಕೊನೆಯಲ್ಲಾದರೆ ಏಳು ಗಂಟೆಯ ಆಸುಪಾಸಿನಲ್ಲಿ. ನಮ್ಮ ಅಕ್ಷಾಂಶದಲ್ಲಿ ಮುಸ್ಸಂಜೆಯ ಬೆಳಕು ಇಪ್ಪತ್ತು ಚಿಲ್ಲರೆ ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ಕರಡಿ ಚಿರತೆಗಳು ಓಡಾಡಲು ತೊಡಗುವುದೂ ಆಗಲೇ. ಆದ್ದರಿಂದ ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲೇ, ಅಂದರೆ 4:50ಕ್ಕೆ, ಗುಡ್ಡದ ಬುಡಕ್ಕೆ ಬಂದಿರಬೇಕು. ಮಧ್ಯಾಹ್ನ 2:30ಕ್ಕೆ ಹತ್ತಲು ಶುರು ಮಾಡಿದವರ ಕೈಯಲ್ಲಿ ಉಳಿಯುವುದು 140 ನಿಮಿಷ. ಅದರ ಅರ್ಧ ಕಳೆದಾಗ, 3:40ಕ್ಕೆ, ಎಲ್ಲಿದ್ದರೂ ತಿರುಗಬೇಕು. ಕಲ್ಲು ಸಮಾಧಿಗಳನ್ನು ನೋಡುತ್ತ ನಿಂತ ಹೊತ್ತೂ ಈ ಮೊದಲ ಅರ್ಧಕ್ಕೇ ಸೇರುತ್ತದೆ. ಅಲ್ಲಿ ನಾನೂರರಷ್ಟು ಶಿಲಾಸಮಾಧಿಗಳಿವೆ, ಬಡಿದರೆ ದನಿಗೊಡುವ ನಗಾರಿಗುಂಡೂ ಇದೆ; ಅವುಗಳ ನಡುವೆ ಅರ್ಧ ಗಂಟೆ ಹೇಗೆ ಕಳೆಯಿತೆಂದು ಯಾರಿಗೂ ತಿಳಿಯುವುದಿಲ್ಲ.

ಎರಡನೆಯ ಬಳಕೆಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಗುಂಡುಗಲ್ಲುಗಳ ಗುಡ್ಡದಲ್ಲಿ ಹಾಸುಬಂಡೆಯ ಮೇಲೆ ಕಾಲುದಾರಿ ಅಳಿದುಹೋಗುತ್ತದೆ, ಒಂದು ಬಂಡೆ ಇನ್ನೊಂದರಂತೆಯೇ ಕಾಣುತ್ತದೆ. ಹತ್ತುವಾಗ ಮುಖ್ಯ ಗುರುತುಗಳನ್ನು ದಾಟಿದ ಸಮಯವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕೆರೆಯಿಂದ ಮೊದಲ ಸಮಾಧಿಗೆ 20 ನಿಮಿಷ ಹಿಡಿದಿದ್ದು, ಇಳಿಯುವಾಗ 25 ನಿಮಿಷ ಕಳೆದರೂ ಕೆರೆ ಕಾಣದಿದ್ದರೆ ದಾರಿ ತಪ್ಪಿದೆ ಎಂದೇ ತಿಳಿದು, ಮುಂದೆ ನಡೆಯದೆ, ಕೊನೆಯ ಗುರುತಿನವರೆಗೆ ಹಿಂದಕ್ಕೆ ಹೋಗಬೇಕು.

ಇನ್ನು, ಗಡಿಯಾರವನ್ನು ದಿಕ್ಸೂಚಿಯಾಗಿ ಬಳಸುವ ಉಪಾಯ. ಗಂಟೆಯ ಮುಳ್ಳನ್ನು ಸೂರ್ಯನತ್ತ ಹಿಡಿದು, ಅದಕ್ಕೂ 12ಕ್ಕೂ ನಡುವಿನ ಕೋನವನ್ನು ಅರ್ಧ ಮಾಡಿದರೆ ದಕ್ಷಿಣ ಸಿಗುತ್ತದೆ ಎನ್ನುತ್ತಾರೆ. ಸೂರ್ಯ ಸದಾ ದಕ್ಷಿಣಕ್ಕೆ ವಾಲಿ ಸಾಗುವ ಚಳಿದೇಶಗಳಿಗೆ ಹೊಂದುವ ಮಾತಿದು. ಕೊಪ್ಪಳ, ಬಳ್ಳಾರಿಗಳಿರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ದಿನಗಳಲ್ಲಿ ಮತ್ತು ಆಗಸ್ಟ್ ಎರಡನೆಯ ವಾರದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಅವೆರಡರ ನಡುವೆ ನಮಗೆ ಉತ್ತರದಲ್ಲಿ ಸಾಗುತ್ತಾನೆ. ಸಾಲದ್ದಕ್ಕೆ, ನಮ್ಮ ಅಧಿಕೃತ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದಾದ ಕಾರಣ, ಅದಕ್ಕೆ ಪಶ್ಚಿಮದಲ್ಲಿರುವ ಕೊಪ್ಪಳದಲ್ಲಿ ನಿಜವಾದ ನಡುಹಗಲು ನವೆಂಬರ್ ಆರಂಭದಲ್ಲಿ 12:10ರ ಹೊತ್ತಿಗೂ, ಫೆಬ್ರುವರಿ ನಡುವಿನಲ್ಲಿ 12:40ರ ಹೊತ್ತಿಗೂ ಬರುತ್ತದೆ. ಚಳಿಗಾಲದಲ್ಲಿ ಈ ಉಪಾಯ ಅಂದಾಜಿಗೆ ಒದಗಬಹುದು. ಬೇಸಿಗೆಯಲ್ಲಿ ನಂಬಿದರೆ ಕೆಟ್ಟಂತೆ.

ಗಡಿಯಾರವಿಲ್ಲದವರಿಗೆ ಹೇಳುವ ಬೆರಳಿನ ಲೆಕ್ಕವೂ ಇಲ್ಲಿ ಮೋಸ ಮಾಡುತ್ತದೆ. ಕೈ ಚಾಚಿ, ದಿಗಂತಕ್ಕೂ ಸೂರ್ಯನಿಗೂ ನಡುವೆ ನಾಲ್ಕು ಬೆರಳು ಹಿಡಿಸಿದರೆ ಇನ್ನೂ ಒಂದು ಗಂಟೆ ಬೆಳಕಿದೆ ಎಂಬುದು ಆ ಲೆಕ್ಕ. ನಾನೂ ಒಮ್ಮೆ ಅದನ್ನೇ ನಂಬಿ ಬಂಡೆಯ ಮೇಲೆ ಆರಾಮವಾಗಿ ಕುಳಿತಿದ್ದೆ, ಕೊನೆಯ ಇಳಿಜಾರನ್ನು ಟಾರ್ಚಿನ ಬೆಳಕಿನಲ್ಲಿ ಕುಂಡೆ ಊರಿಕೊಂಡು ಇಳಿಯಬೇಕಾಯಿತು. ಉತ್ತರದ ದೇಶಗಳಲ್ಲಿ ಸೂರ್ಯ ಓರೆಯಾಗಿ, ನಿಧಾನವಾಗಿ ಇಳಿಯುತ್ತಾನೆ. ನಮ್ಮಲ್ಲಿ ಹೆಚ್ಚುಕಡಿಮೆ ನೇರವಾಗಿ, ಗಂಟೆಗೆ ಸುಮಾರು 14 ಡಿಗ್ರಿ ಇಳಿಯುವುದರಿಂದ ನಾಲ್ಕು ಬೆರಳಿಗೆ ಅರ್ಧ ಗಂಟೆ ಎಂದೇ ಎಣಿಸಬೇಕು.

ಮೊಬೈಲ್ ಸಾಲದೇ ಎಂದರೆ, ಏಪ್ರಿಲ್ ಬಿಸಿಲಿನಲ್ಲಿ ಅದು ಕಾದು ತಾನಾಗಿಯೇ ಆರಿಹೋಗುವುದುಂಟು, ಎರಡೂ ಕೈ ಊರಿ ಬಂಡೆ ಏರುವಾಗ ಅದನ್ನು ಹೊರತೆಗೆಯುವುದೂ ಆಗದ ಮಾತು. ಜಿಪಿಎಸ್ ಗಡಿಯಾರವಿದ್ದರೆ ಒಳ್ಳೆಯದೇ, ಆದರೆ ಹಿಂದಿನ ರಾತ್ರಿ ಚಾರ್ಜ್ ಮಾಡುವುದನ್ನು ಮರೆತರೆ ಅದು ಬಳೆಗೆ ಸಮಾನ.

ಕೊಳ್ಳುವುದಾದರೆ ಸಾದಾ ಕ್ವಾರ್ಟ್ಜ್ ಗಡಿಯಾರ ಸಾಕು. ತಿಂಗಳಿಗೆ ಅರ್ಧ ನಿಮಿಷವೂ ತಪ್ಪುವುದಿಲ್ಲ. ಅಪ್ಪನ ಕಾಲದ ಎಚ್‌ಎಂಟಿಯ ಮೇಲೆ ನನಗೂ ಪ್ರೀತಿಯಿದೆ, ಆದರೆ ಬೆಳಿಗ್ಗೆ ಕೀಲಿ ಕೊಡಲು ಮರೆತ ದಿನ ಪ್ರೀತಿ ಕೆಲಸಕ್ಕೆ ಬಾರದು. ಹಿಂಬದಿಯಲ್ಲಿ 30 ಮೀಟರ್ ಎಂದು ಬರೆದಿದ್ದರೆ ಅದು ಮಳೆಹನಿಯನ್ನು ತಡೆಯುತ್ತದೆ ಎಂದಷ್ಟೇ ಅರ್ಥ. ತುಂಗಭದ್ರೆಯಲ್ಲಿ ಹರಿಗೋಲು ಹತ್ತುವವರು 50 ಮೀಟರಿನದನ್ನು, ಈಜುವವರು 100 ಮೀಟರಿನದನ್ನು ಕೊಳ್ಳಬೇಕು. ಲೋಹದ ಪಟ್ಟಿ ಬಿಸಿಲಿಗೆ ಕಾಯುತ್ತದೆ, ತೊಗಲಿನದು ಬೆವರಿಗೆ ಕೊಳೆಯುತ್ತದೆ, ನೈಲಾನಿನದೇ ಲೇಸು. ಹೊರಡುವ ಮುನ್ನ ಜೊತೆಯವರೆಲ್ಲರ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಿ, ಎಷ್ಟು ಗಂಟೆಗೆ ಇಳಿದು ಬರುತ್ತೀರೆಂದು ಊರಿನ ಚಹಾ ಅಂಗಡಿಯಲ್ಲಿ ಹೇಳಿಹೋಗಿ.